ಧೂಳಿಗೂ ಟೈಮ್‌ಟೇಬಲ್ ಇದೆ

ವಿದ್ಯಾರ್ಥಿಗಳ ಕಿರುಚಿತ್ರಗಳಿಗೆ ಶೆಡ್ಯೂಲ್ ಹಾಕಿಕೊಡುವುದು ನನಗೆ ಇಸ್ಪೀಟಿನಂಥ ಚಟ. ದುಡ್ಡು ಬರುವುದಿಲ್ಲ. ಹೆಸರು ಬಂದರೂ ಟೈಟಲ್ ಕಾರ್ಡಿನ ತುದಿಯಲ್ಲಿ, ಜೆರಾಕ್ಸ್ ಅಂಗಡಿಯ ಕೆಳಗೆ. ಆದರೂ ಹೊಸಪೇಟೆಯ ಯಾವನಾದರೂ ಹುಡುಗ ಸ್ಕ್ರಿಪ್ಟಿನ ಫೈಲು ಹಿಡಿದು ಬಾಗಿಲಿಗೆ ಬಂದನೆಂದರೆ ನನಗೆ ಅವತ್ತು ಹಬ್ಬ. ಈ ಸಲ ಬಂದದ್ದು ಸಂಡೂರಿನ ಅದಿರು ಲಾರಿಯ ಕ್ಲೀನರ್ ಹುಡುಗನೊಬ್ಬನ ಕಥೆ. ಚೆನ್ನಾಗಿತ್ತು. ಮೊದಲ ಶಾಟ್ ಡ್ರೋನ್. ಎರಡನೆಯದೂ ಡ್ರೋನ್. ಮೂರನೆಯದರಲ್ಲಿ ಕ್ಲೀನರ್ ಹಂಪಿಯ ಬಂಡೆಯ ಮೇಲೆ ಕೂತು ಸೂರ್ಯಾಸ್ತ ನೋಡುತ್ತಾನೆ.

"ಲಾರಿ ಬಿಟ್ಟು ಇವನು ಹಂಪಿಗೆ ಯಾಕೆ ಬಂದನಪ್ಪ?"

"ಫೀಲ್ ಬರ್ತೈತ್ರಿ ಸರ್."

ನಮ್ಮ ಸೀಮೆಯಲ್ಲಿ ಕ್ಯಾಮೆರಾ ಹಿಡಿದವರಿಗೆಲ್ಲ ಅಂಟುವ ಜಾಡ್ಯ ಇದು. ಕಥೆ ಯಾರದೇ ಇರಲಿ, ಹಂಪಿಯದೊಂದು ಶಾಟ್ ಬೇಕೇ ಬೇಕು. ಜಾಕಿ ಚಾನ್ 'ದಿ ಮಿಥ್' ಚಿತ್ರಕ್ಕೆಂದು ಇಲ್ಲಿಗೆ ಬಂದು ಹೋದ, ಸರಿ. ಅದು 2005ರಲ್ಲಿ ತೆರೆಕಂಡ ಸಾಹಸದ ಸಿನಿಮಾ, ಅವರ ಹತ್ತಿರ ದುಡ್ಡೂ ಇತ್ತು. ನಮ್ಮ ಹುಡುಗರು ಸ್ಮಾರಕಗಳಲ್ಲಿ ಶೂಟಿಂಗ್ ಮಾಡಬೇಕೆಂದರೆ ಪುರಾತತ್ವ ಇಲಾಖೆಗೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ಅನುಮತಿಗೆ ಕಾಯಬೇಕು. ಇಷ್ಟೆಲ್ಲ ಮಾಡಿ ಕೊನೆಗೆ ತೆಗೆಯುವುದು ಕಲ್ಲಿನ ರಥ. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿ ಅಂಗಡಿ ಇಟ್ಟುಕೊಂಡಿದ್ದವರನ್ನು 2011ರ ಜುಲೈನಲ್ಲಿ ಎಬ್ಬಿಸಿದರಲ್ಲ, ಅವರ ಒಲೆ ಈಗ ಎಲ್ಲಿ ಉರಿಯುತ್ತಿದೆ ಎಂದು ಹುಡುಕಿಕೊಂಡು ಹೋದ ಸ್ಕ್ರಿಪ್ಟು ಒಂದೂ ನನ್ನ ಮೇಜಿಗೆ ಬಂದಿಲ್ಲ.

ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದೂ ಅದೇ ಜುಲೈ ಕೊನೆಯಲ್ಲಿ. ಅದಕ್ಕೇ ಸಂಡೂರಿನ ಕಥೆ ತಂದವನಿಗೆ ನನ್ನ ಮೊದಲ ಪ್ರಶ್ನೆ: ಇಸವಿ ಯಾವುದು? 2010 ಎಂದರೆ ರಸ್ತೆ ತುಂಬ ಲಾರಿ. 2011ರ ದೀಪಾವಳಿ ಎಂದರೆ ಅದೇ ಲಾರಿಗಳು ನಿಂತಲ್ಲೇ ನಿಂತಿರಬೇಕು, ಮಾಲೀಕ ಬ್ಯಾಂಕಿನ ಕಂತಿನ ಲೆಕ್ಕ ಹಾಕುತ್ತಿರಬೇಕು. ಇಸವಿ ಗೊತ್ತಿಲ್ಲದವನು "ಇದು ಎಲ್ಲ ಕಾಲದ ಕಥೆ ಸರ್" ಅನ್ನುತ್ತಾನೆ. ಎಲ್ಲ ಕಾಲದ ಕಥೆ ಪುರಾಣದಲ್ಲಿ ಬೇಕಾದಷ್ಟಿವೆ.

ಎರಡನೆಯದು ನನ್ನ ಮೆಚ್ಚಿನ ಮಸಲತ್ತು. ಸೀನ್ ವಿಂಗಡಿಸುವ ಮುಂಚೆ ಒಂದು ಹಾಳೆಗೆ ಮೂರು ಗೆರೆ ಎಳೆಯುತ್ತೇನೆ. ಎಡಕ್ಕೆ ಗಂಟೆ. ನಡುವೆ ಆ ಗಂಟೆಯಲ್ಲಿ ಆ ಜಾಗ ಏನು ಮಾಡುತ್ತಿರುತ್ತದೆ ಎಂಬುದು: ನಲ್ಲಿ ನೀರು ಯಾವಾಗ, ಕರೆಂಟ್ ಹೋಗುವುದು ಯಾವಾಗ, ಶಾಲೆ ಬಿಡುವುದು ಯಾವಾಗ. ಸೀನ್ ನಂಬರಿಗೆ ಜಾಗ ಬಲಗಡೆ, ಕೊನೆಗೆ. ನಡುವಿನ ಕಾಲಂ ತುಂಬಲು ಕ್ಯಾಮೆರಾ ಇಲ್ಲದೆ ಹೋಗಿ ಸುಮ್ಮನೆ ಕೂರಬೇಕು. ಹುಡುಗರಿಗೆ ಇದು ಶಿಕ್ಷೆ.

ಕೂತರೆ ಏನು ಸಿಗುತ್ತದೆ? ಸಂಡೂರು ರಸ್ತೆಯ ಚಹಾದಂಗಡಿಯೊಂದರ ಮಾತು ಹೇಳುತ್ತೇನೆ. ಅಂಗಡಿಯವನು ಬಿಸಿಲೇರುವ ಮುಂಚೆ ಕೊಡದಲ್ಲಿ ನೀರು ತಂದು ಮುಂದಿನ ಮಣ್ಣಿಗೆ ಕೈಯಿಂದ ಚಿಮುಕಿಸುತ್ತಾನೆ. "ಇಲ್ಲಾಂದ್ರ ಮಿರ್ಚಿ ಮ್ಯಾಲ ಧೂಳು ಕುಂದ್ರತೈತ್ರಿ." ಏಪ್ರಿಲ್ ಬಿಸಿಲಿಗೆ ಆ ಒದ್ದೆ ನೋಡನೋಡುತ್ತ ಆರುತ್ತದೆ. ಒದ್ದೆ ನೆಲದಲ್ಲಿ ಮಾಸ್ಟರ್ ಶಾಟ್ ತೆಗೆದು, ಒಗ್ಗರಣೆ ಮಂಡಕ್ಕಿ ತಿಂದು ಬಂದು ಕ್ಲೋಸಪ್ ಇಟ್ಟರೆ ನೆಲ ಒಣಗಿ ಕೆಂಪಾಗಿರುತ್ತದೆ, ಕಂಟಿನ್ಯುಯಿಟಿ ಹಳ್ಳ ಹಿಡಿಯುತ್ತದೆ. ಇನ್ನೊಂದು: ಲಾರಿ ಬಂದಾಗ ಅಲ್ಲಿ ಮಾತಾಡುತ್ತಿರುವವರು ಅರ್ಧ ವಾಕ್ಯಕ್ಕೆ ನಿಲ್ಲಿಸುತ್ತಾರೆ, ಲಾರಿ ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ನಮ್ಮ ಸೌಂಡಿನವನು ಹೆಡ್‌ಫೋನ್ ಹಾಕಿಕೊಂಡು ನಿಶ್ಶಬ್ದಕ್ಕೆ ಕಾಯುತ್ತಾನೆ. ಸಂಭಾಷಣೆಯನ್ನೇ ಲಾರಿಗೆ ತಕ್ಕಂತೆ ಮುರಿದು ಬರೆದರೆ ಕಾಯುವ ಪ್ರಶ್ನೆಯೇ ಇಲ್ಲ!

ಬಡತನ ಎಂದರೆ ಮುಖಕ್ಕೆ ಮಣ್ಣು ಬಳಿಯುವುದು ಎಂದುಕೊಂಡವರಿಗೂ ಈ ಚಹಾದಂಗಡಿಯ ಬೆಂಚೇ ಮದ್ದು. ಕ್ಲೀನರ್ ಡ್ಯೂಟಿ ಮುಗಿಸಿ ಮೊದಲು ಮಾಡುವ ಕೆಲಸ ಸೋಪು ಹಚ್ಚಿ ಮುಖ ತೊಳೆಯುವುದು, ಆಮೇಲೆ ಪೌಡರು, ಬಾಚಣಿಗೆ. ಸಂತೆಗೆ ಹೊರಟವನ ಅಂಗಿ ನಮ್ಮ ನಿರ್ದೇಶಕನ ಟೀ ಶರ್ಟಿಗಿಂತ ಬೆಳ್ಳಗಿರುತ್ತದೆ.

ಕಂಪ್ಲಿ ಕಡೆ ಹೋದರೆ ಟೈಮ್‌ಟೇಬಲ್ ಹೊಳೆಯ ಕೈಯಲ್ಲಿ. ಭತ್ತದ ನಾಟಿಯ ಸೀನ್ ಇದೆಯೆಂದರೆ ಕಾಲುವೆಗೆ ನೀರು ಬಿಡುವ ದಿನವೇ ನಮ್ಮ ಮುಹೂರ್ತ. ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆಯೇ ಮುಳುಗುತ್ತದೆ, ಆಚೆ ದಡದ ನಟ ಆಚೆಗೇ ಉಳಿಯುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತಲ್ಲ, ಅವತ್ತು ಹೊಳೆಸಾಲಿನ ಯಾರ ಶೆಡ್ಯೂಲ್ ತಾನೇ ಉಳಿದೀತು? ಸತ್ಯಜಿತ್ ರಾಯ್ ಅವರಿಗೂ ಇದೇ ಪಾಡು. 'ಪಥೇರ್ ಪಾಂಚಾಲಿ'ಗೆ ಕಾಶ ಹುಲ್ಲಿನ ಹೂವಿನ ನಡುವೆ ಅರ್ಧ ದೃಶ್ಯ ತೆಗೆದು ಮುಂದಿನ ಭಾನುವಾರ ಹೋದರೆ ಹೂವನ್ನೆಲ್ಲ ದನ ಮೇಯ್ದು ಮುಗಿಸಿದ್ದವು. ಉಳಿದರ್ಧಕ್ಕೆ ಮುಂದಿನ ವರ್ಷದ ಹೂವಿಗೆ ಕಾದರು. ನಮ್ಮವರು ಸೆಮಿಸ್ಟರ್ ಮುಗಿಯುವುದರೊಳಗೆ ಹೂವು ಬಿಡಿಸಲು ಹೊರಡುತ್ತಾರೆ.

ಇಷ್ಟಾದರೂ ತಮಾಷೆ. ನನಗೆ ನಿಜಕ್ಕೂ ಸಿಟ್ಟು ಬರುವುದು ಬಜೆಟ್ ಹಾಳೆ ನೋಡಿದಾಗ. ಲೆನ್ಸ್ ಬಾಡಿಗೆ ಇರುತ್ತದೆ, ಡ್ರೋನ್ ಬಾಡಿಗೆ ಇರುತ್ತದೆ, ತಂಡಕ್ಕೆ ಬಿರಿಯಾನಿ ಇರುತ್ತದೆ, ಫೆಸ್ಟಿವಲ್ ಎಂಟ್ರಿ ಫೀ ಕೂಡ ಇರುತ್ತದೆ. ಕಬ್ಬು ಕಡಿಯುವ ಹೆಂಗಸನ್ನು ಗದ್ದೆಯಿಂದ ಕರೆತಂದು ಹೊತ್ತು ಮುಳುಗುವ ತನಕ ನಿಲ್ಲಿಸಿಕೊಂಡದ್ದಕ್ಕೆ ಒಂದು ರೂಪಾಯಿಯೂ ಇರುವುದಿಲ್ಲ. "ಖುಷಿಯಿಂದ ಬಂದಾರ್ರಿ ಸರ್. ಥ್ಯಾಂಕ್ಸ್ ಕಾರ್ಡಲ್ಲಿ ಊರ ಹೆಸರು ಹಾಕೀವಿ." ಕೂಲಿ ಸಿಗದವರ ಬಗ್ಗೆ ಸಿನಿಮಾ ತೆಗೆಯಲು ಅವರ ಅವತ್ತಿನ ಕೂಲಿ ತಪ್ಪಿಸುವುದು ಯಾವ ಸೀಮೆಯ ವಾಸ್ತವವಾದ?

ಇವರೆಲ್ಲ ದೇವರಂತೆ ಪೂಜಿಸುವ 'ಬೈಸಿಕಲ್ ಥೀವ್ಸ್' ಬಂದದ್ದು 1948ರಲ್ಲಿ. ಅದರ ನಿರುದ್ಯೋಗಿ ನಾಯಕ ಲ್ಯಾಂಬರ್ತೊ ಮಜೊರಾನಿ ನಟನಲ್ಲ, ಕಾರ್ಖಾನೆಯ ಕೆಲಸಗಾರ. ಸಿನಿಮಾ ಜಗತ್ತೆಲ್ಲ ಸುತ್ತಿತು, ಆತ ಕಾರ್ಖಾನೆಯ ಕೆಲಸ ಕಳೆದುಕೊಂಡ. ತರಗತಿಗಳಲ್ಲಿ ಆ ಚಿತ್ರದ ಕೊನೆಯ ದೃಶ್ಯವನ್ನು ಫ್ರೇಮು ಫ್ರೇಮಾಗಿ ಬಿಡಿಸಿ ತೋರಿಸುತ್ತಾರೆ. ಈ ಸಂಗತಿಯನ್ನೂ ಅದರ ಜೊತೆಗೇ ಪಾಠ ಮಾಡಬೇಕು. 'ತಿಥಿ' ನೋಡಿ, ಮಂಡ್ಯದ ನೊದೆಕೊಪ್ಪಲಿನವರನ್ನೇ ಹಾಕಿಕೊಂಡು ತೆಗೆದರು ಎಂದು ಉದಾಹರಿಸುವವರಿಗೆ ಊರವರು ಎಂದರೆ ಪುಕ್ಕಟೆ ನಟರು ಎಂದಷ್ಟೇ ಕೇಳಿಸುತ್ತದೆ.

ನಾನು ಹಾಕುವ ಬಜೆಟ್ಟಿನ ಮೊದಲ ಸಾಲು ಊರವರ ದಿನಗೂಲಿ. ಅದು ಕಳೆದು ಉಳಿದದ್ದರಲ್ಲಿ ಕ್ಯಾಮೆರಾ. ಕೈಗೆಟುಕದಿದ್ದರೆ ಮೊಬೈಲ್. ಅದೂ ಹೊಂದದಿದ್ದರೆ ಸಂಡೂರು, ಕಂಪ್ಲಿ ಬಿಟ್ಟು ನಿಮ್ಮ ಹಾಸ್ಟೆಲಿನ ಕಥೆಯನ್ನೇ ತೆಗೆಯಿರಿ. ಮೆಸ್ ಬಿಲ್ ಕಟ್ಟಲಾಗದವನು ಪ್ರತಿ ರೂಮಿಗೊಬ್ಬ ಸಿಗುತ್ತಾನೆ, ವಾರ್ಡನ್ ಪಾತ್ರಕ್ಕೆ ವಾರ್ಡನ್ನೇ ಇದ್ದಾರೆ. ಅವರೂ ಕೂಲಿ ಕೇಳಿದರೆ ಕೊಡಿ.