ತುಳಸಿಗೇರಿಯ ಕಟ್ಟೆಯ ಮೇಲೆ ಕಡಲಿನ ಮಾತು

ಶನಿವಾರ ತುಳಸಿಗೇರಿ ಹನುಮಪ್ಪನ ದರ್ಶನಕ್ಕೆ ಹೋಗುವುದಾದರೆ ಬಾಗಲಕೋಟೆಯಿಂದ ಬೆಳಿಗ್ಗೆಯೇ ಬಸ್ಸು ಹಿಡಿಯಿರಿ, ಸೋದರಿಯರೇ. ಹೊತ್ತೇರಿತೋ, ಕಾಯಿ ಒಡೆಸಲಿಕ್ಕೂ ಪಾಳಿ ಹಚ್ಚಬೇಕು. ನಾವು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡೇ ಹೋಗಿದ್ದೆವು. ಆದರೆ ಆ ದಿನ ನನ್ನ ಮನಸ್ಸು ದೇವರ ಮೇಲೂ ಇರಲಿಲ್ಲ, ಬುತ್ತಿಯ ಮೇಲೂ ಇರಲಿಲ್ಲ.

ಕಾರಣ ಹೇಳುತ್ತೇನೆ. ನನ್ನ ತವರುಮನೆ ಹಳೇ ಬಾಗಲಕೋಟೆಯ ಅಂಚಿನಲ್ಲಿದೆ. ಆಲಮಟ್ಟಿಯ ನೀರು ಈಗ ನಿಲ್ಲುವುದು 519.6 ಮೀಟರಿಗೆ. ಅಷ್ಟಕ್ಕೇ ಎಷ್ಟೋ ಓಣಿಗಳು ಹೋಗಿ ಜನ ನವನಗರ ಸೇರಿದರು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿನವರೆಗೆ ನಿಲ್ಲಿಸಲು ಒಪ್ಪಿತು. ಈ ಮುರುಕು ಅಂಕಿ ಎಲ್ಲಿಯದು ಅಂತೀರಾ? ಸರಿಯಾಗಿ 1720 ಅಡಿ, ಅಷ್ಟೇ! ಇನ್ನೂ ಏರಿಸಿಲ್ಲ. ನಮ್ಮವ್ವನ ಹೊಸ್ತಿಲು ಈ ಎರಡು ಅಂಕಿಗಳ ನಡುವೆ ಇದೆ.

ಹೊರಡುವ ಮುಂಚೆ ನನ್ನ ಮಗ ಅಂಗಳದಲ್ಲಿ ಮೊಬೈಲ್ ಹಿಡಿದು, "ಅಮ್ಮಾ, ಇದು 450ರ ಹತ್ತಿರ ತೋರಸ್ತದ" ಅಂದ. ಅವ್ವ ಕೂತೇಬಿಟ್ಟಳು. "ಹಂಗಾದರ ನಾವು ಈಗಾಗಲೇ ನೀರಾಗ ಇರಬೇಕಿತ್ತಲ್ಲೋ!"

ಗುಡಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಾಗ ಭಾವನವರ ಮುಂದೆ ಇದನ್ನು ಹೇಳಿದೆ. ಅವರು ಮೋಜಣಿ ಖಾತೆಯಿಂದ ನಿವೃತ್ತರಾದವರು. ನಕ್ಕುಬಿಟ್ಟರು.

"ಎತ್ತರ ಅಂದ್ರ ಎಲ್ಲಿಂದ ಎತ್ತರ ತಂಗೀ? ಅದನ್ನ ಮೊದಲು ಕೇಳಬೇಕು" ಅಂದರು. ಉಪಗ್ರಹದ ಲೆಕ್ಕ ಭೂಮಿಯನ್ನು ನುಣುಪಾದ, ತುಸು ಚಪ್ಪಟೆ ಗೋಳವೆಂದು ಕಲ್ಪಿಸಿಕೊಂಡು ಅದರ ಮೈಯಿಂದ ಅಳೆಯುತ್ತದಂತೆ. ಅಣೆಕಟ್ಟಿನ ಲೆಕ್ಕ ಸಮುದ್ರ ಮಟ್ಟದಿಂದ. ನಮ್ಮ ಸೀಮೆಯಲ್ಲಿ ಸಮುದ್ರ ಮಟ್ಟ ಆ ಕಲ್ಪನೆಯ ಮೈಗಿಂತ ಹತ್ತಾರು ಮೀಟರ್ ಕೆಳಗಿದೆ. ಅದನ್ನು ಸರಿದೂಗಿಸದಿದ್ದರೆ ಮೊಬೈಲಿನ ಅಂಕಿ ಅಷ್ಟು ಕಡಿಮೆ ಬೀಳುತ್ತದೆ.

ಸಮುದ್ರವಾದರೂ ಏರುತ್ತ ಇಳಿಯುತ್ತ ಇರುವುದಲ್ಲವೇ? ಅದಕ್ಕೇ ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರ ಇಳಿತ ಬರೆದಿಟ್ಟು, ಸರಾಸರಿ ತೆಗೆದು, 1909ರಲ್ಲಿ ದೇಶದ ಮಟ್ಟ ನಿಲ್ಲಿಸಿದರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಅಲ್ಲಿಂದ ಅಳತೆಯ ಕೋಲು ನೆಡುತ್ತ, ದುರ್ಬೀನಿನಲ್ಲಿ ನೋಡುತ್ತ, ಒಳನಾಡಿಗೆ ಮಟ್ಟ ತಂದರು. ಗೌಂಡಿಯವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗೋಡೆಯಿಂದ ಗೋಡೆಗೆ ಗುರುತು ಹಾಕುತ್ತಾರಲ್ಲ, ಅಂಥದೇ ಕೆಲಸ. ಉದ್ದ ಮಾತ್ರ ನೂರಾರು ಮೈಲಿ.

ನಕಾಶೆಯ ಕಥೆಯೂ ಹೀಗೇ. 1802ರಲ್ಲಿ ಲ್ಯಾಂಬ್ಟನ್ ಸಾಹೇಬ ಮದರಾಸಿನಲ್ಲಿ ಸರಪಳಿ ಎಳೆದು ಶುರುಮಾಡಿದ ಮೋಜಣಿಗೆ ಎವರೆಸ್ಟ್ ಸಾಹೇಬ 1830ರ ಹೊತ್ತಿಗೆ ನಮ್ಮ ದೇಶಕ್ಕೆ ಒಪ್ಪುವ ಗೋಳದ ಲೆಕ್ಕ ಕೊಟ್ಟ. ಮಧ್ಯಪ್ರದೇಶದ ಕಲ್ಯಾಣಪುರ ಅದರ ಮೂಲಬಿಂದು. 2005ರ ನಕಾಶೆ ನೀತಿಯಲ್ಲಿ ಜನಸಾಮಾನ್ಯರ ನಕಾಶೆಗಳಿಗೆ ಜಗತ್ತಿನ ಡಬ್ಲ್ಯು.ಜಿ.ಎಸ್. 84 ಲೆಕ್ಕ ಬಂತು. ಹಳೇ ನಕಾಶೆಯ ಅಂಕಿಯನ್ನು ಹಾಗೇ ಮೊಬೈಲಿಗೆ ಹಾಕಿದರೆ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚು ತಪ್ಪುತ್ತದೆ. ಹನುಮಪ್ಪನನ್ನು ಹುಡುಕಿ ಹೋದವರು ಯಾರದೋ ಜೋಳದ ಹೊಲದಲ್ಲಿ ಕೈಮುಗಿದು ನಿಂತಾರು!

"ನಾಳೆ ನೋಟೀಸು ಬಂದರ ಮೊಬೈಲ್ ನೋಡಬ್ಯಾಡ್ರಿ" ಅಂದರು ಭಾವ. "ಹತ್ತಿರದ ಸರ್ಕಾರಿ ಮಟ್ಟದ ಕಲ್ಲಿನಿಂದ, ನಿಮ್ಮ ಎದುರಿಗೇ ಹೊಸ್ತಿಲ ಅಳೀರಿ ಅಂತ ಬರದು ಕೊಡ್ರಿ." ಮುಳುಗಡೆ ಸೀಮೆಯ ಸೋದರಿಯರೆಲ್ಲ ಇದನ್ನು ಗುರುತು ಮಾಡಿಟ್ಟುಕೊಳ್ಳಿ.

ಸಂಜೆ ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಪ್ರಸಾದ ಕಣ್ಣಿಗೊತ್ತಿಕೊಂಡು, "ಕಾರವಾರ ನಾ ನೋಡೇ ಇಲ್ಲ" ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅವರು 524 ಮಾಡೇ ಮಾಡತಾರೇನು?"

ಅದಕ್ಕೆ ಭಾವನವರ ಹತ್ತಿರವೂ ಉತ್ತರ ಇರಲಿಲ್ಲ.