ಸೇತುವೆ ನಿಂತಿರುವಾಗಲೇ ದಾಖಲಿಸಿ

2024ರ ಆಗಸ್ಟ್ 7ರ ನಡುರಾತ್ರಿ ಕೋಡಿಬಾಗ-ಸದಾಶಿವಗಡ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕ ಬದುಕುಳಿದದ್ದೇ ದೊಡ್ಡ ಸಮಾಧಾನ. ಬೆಳಗಾಗುವಷ್ಟರಲ್ಲಿ ಮುರಿದ ಸೇತುವೆಯ ಫೋಟೊ ಎಲ್ಲರ ಮೊಬೈಲಿನಲ್ಲೂ ಇತ್ತು. ದಶಕಗಳ ಕಾಲ ನಮ್ಮನ್ನು ದಾಟಿಸಿದ ಸೇತುವೆಯ ಫೋಟೊ ಎಷ್ಟು ಜನರ ಬಳಿ ಇದೆ?

ಅಂಕೋಲಾ ತಾಲ್ಲೂಕಿನ ರಾಮನಗುಳಿಯಲ್ಲಿ ಗಂಗಾವಳಿಗೆ ಕಟ್ಟಿದ್ದ ತೂಗುಸೇತುವೆಯನ್ನು 2019ರ ನೆರೆ ಕೊಚ್ಚಿಕೊಂಡು ಹೋಯಿತು. ಆಚೆ ದಡದವರಿಗೆ ಶಾಲೆ, ಆಸ್ಪತ್ರೆ, ಪೇಟೆ ಎಲ್ಲಕ್ಕೂ ಅದೇ ದಾರಿಯಾಗಿತ್ತು.

ಊರಿನ ಹಳೆಯ ಸೇತುವೆಗಳು ಕಬ್ಬಿಣದ್ದಿರಲಿ, ಕಲ್ಲಿನದ್ದಿರಲಿ, ತೂಗುಸೇತುವೆಯೇ ಇರಲಿ, ಇರುವಾಗಲೇ ದಾಖಲಿಸೋಣ. ಎರಡೂ ದಡದಿಂದ ಫೋಟೊ ತೆಗೆಯಿರಿ. ತೊಲೆ ಕೂಡುವ ಜಾಗ, ರಿವೆಟ್ಟುಗಳು, ತುಕ್ಕು ಹಿಡಿದ ಕಡೆ, ಕಂಬದ ಬುಡ ಹತ್ತಿರದಿಂದ ಕಾಣಲಿ. ಉದ್ದ, ಅಗಲ ಅಳೆಯಿರಿ. ಕಟ್ಟುವಾಗ ಕೆಲಸ ಮಾಡಿದವರು, ಅದಕ್ಕೂ ಮೊದಲು ದೋಣಿಯಲ್ಲಿ ದಾಟಿದವರು ಇದ್ದರೆ ಅವರ ಮಾತು ರೆಕಾರ್ಡ್ ಮಾಡಿ. ಫೋಟೊಗೆ ತಾರೀಕು ಹಾಕಿ ಪಂಚಾಯಿತಿಗೂ ಶಾಲೆಗೂ ಒಂದೊಂದು ಪ್ರತಿ ಕೊಡಿ.

ಇದು ಬರೀ ನೆನಪಿಗಾಗಿ ಅಲ್ಲ. ಹೋದ ವರ್ಷ ಇಲ್ಲದ ಬಿರುಕು ಈ ವರ್ಷ ಮೂಡಿದೆ ಎಂದು ಅಧಿಕಾರಿಗಳಿಗೆ ತೋರಿಸಲು ಹೋದ ವರ್ಷದ ಫೋಟೊ ಬೇಕು. ಈ ಮಳೆಗಾಲಕ್ಕೆ ಮೊದಲೇ ಶುರು ಮಾಡಿ.