ನಾಲ್ಕು ಚಿತ್ರಗಳ ಓಟ

ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ಮನೆಯೊಳಗೆ ಮರಾಠಿಯ ಬಗೆಯ ಮಾತಾಡಿ, ಪರದೆಯ ಹಿಂದೆ ಕೂತು ಕನ್ನಡದಲ್ಲಿ ಕಥೆ ಹೇಳುತ್ತ ಬಂದವರು. ಒಂದೇ ಪಾತ್ರಕ್ಕೆ ಅವರ ಪೆಟ್ಟಿಗೆಯಲ್ಲಿ ಬೇರೆ ಬೇರೆ ಗೊಂಬೆಗಳಿರುವುದುಂಟು. ಸಂದರ್ಭ ಬದಲಾದರೆ ಗೊಂಬೆಯೂ ಬದಲು. ನಡುವಿನದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಫೋನಿನ ಆಟಕ್ಕೆ ಓಡುವ ಗೊಂಬೆ ಬರೆಯುವುದೂ ಹೆಚ್ಚುಕಡಿಮೆ ಇದೇ ಜಾತಿಯ ಕೆಲಸ. ಆಟದವರು ಆ ಗೊಂಬೆಯನ್ನು ಸ್ಪ್ರೈಟ್ ಎನ್ನುತ್ತಾರೆ.

ಭಂಡಾರಕವಠೆಯಲ್ಲಿ ನನ್ನ ಅಕ್ಕನ ಮಗ ಅಂಥದೊಂದು ಆಟ ಕಟ್ಟಲು ಕೂತಿದ್ದಾನೆ. ಹದಿನಾರು ಚುಕ್ಕಿ ಎತ್ತರದ ಹುಡುಗನೊಬ್ಬ ಓಡುತ್ತ ಊರುಗಳ ಹೆಸರಿನ ಅಕ್ಷರ ಆಯಬೇಕು. ಅವನು ಓದುವುದು ಕನ್ನಡ ಮಾಧ್ಯಮದಲ್ಲಿ. ಬಾಲಭಾರತಿಯ ಕನ್ನಡ ಪುಸ್ತಕ ಮುಚ್ಚಿದನೆಂದರೆ ಹೊರಗಿನ ಫಲಕಗಳು ಮರಾಠಿ, ಫೋನಿನ ಆಟಗಳು ಇಂಗ್ಲಿಷು. ಕಾಸರಗೋಡಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಓಟಕ್ಕೆ ಇಪ್ಪತ್ತು ಚಿತ್ರ ಬೇಕೆಂದು ಅವನ ಲೆಕ್ಕ. ನಾಲ್ಕು ಸಾಕು, ಆದರೆ ಸರಿಯಾದ ನಾಲ್ಕು ಗಳಿಗೆಗಳನ್ನು ಆರಿಸಬೇಕು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಸಾಲಾಗಿ 12 ಕ್ಯಾಮೆರಾ ಇಟ್ಟು ಓಡುವ ಕುದುರೆಯ ಚಿತ್ರ ತೆಗೆದ. ನಾಲ್ಕೂ ಕಾಲು ನೆಲ ಬಿಡುವ ಗಳಿಗೆ ಇದೆ, ಆದರೆ ಆಗ ಕಾಲುಗಳು ಹೊಟ್ಟೆಯಡಿ ಮಡಚಿರುತ್ತವೆ ಎಂದು ತಿಳಿಯಿತು. ಅಲ್ಲಿಯವರೆಗೆ ಎಷ್ಟೋ ಚಿತ್ರಕಾರರು ಕಾಲು ಚಾಚಿಯೇ ಬರೆದಿದ್ದರು! ಮನುಷ್ಯನ ನಡಿಗೆಯಲ್ಲಿ ಒಂದಾದರೂ ಪಾದ ನೆಲದ ಮೇಲಿರುತ್ತದೆ. ಓಟದಲ್ಲಿ ಎರಡೂ ಬಿಡುವ ಗಳಿಗೆ ಬರುತ್ತದೆ. ಅದನ್ನು ಬಿಟ್ಟರೆ ಗೊಂಬೆ ಅವಸರದಲ್ಲಿ ನಡೆದಂತೆ ಕಾಣುತ್ತದೆ.

ಹೀಗಾಗಿ ಮೊದಲನೆಯದರಲ್ಲಿ ಮುಂಗಾಲು ನೆಲ ಮುಟ್ಟಲಿ. ಎರಡನೆಯದರಲ್ಲಿ ಮೊಣಕಾಲು ಬಾಗಿ ಮೈ ಒಂದು ಚುಕ್ಕಿ ತಗ್ಗಲಿ. ಮೂರನೆಯದರಲ್ಲಿ ಬೆರಳು ನೆಲವನ್ನು ಒದೆಯಲಿ, ನಾಲ್ಕನೆಯದರಲ್ಲಿ ಹುಡುಗ ಗಾಳಿಯಲ್ಲಿರಲಿ, ಒಂದು ಚುಕ್ಕಿ ಮೇಲೆ. ಮತ್ತೊಂದು ಕಾಲಿಗೂ ಇವೇ ನಾಲ್ಕು ನಡೆಯುತ್ತವೆ. ಇಷ್ಟು ಸಣ್ಣ ಗೊಂಬೆಯಲ್ಲಿ ಎಡಗಾಲು ಯಾವುದು, ಬಲಗಾಲು ಯಾವುದು ಎಂದು ಯಾರು ನೋಡುತ್ತಾರೆ? 1985ರ ಸೂಪರ್ ಮಾರಿಯೋ ಮೂರೇ ಚಿತ್ರಗಳಲ್ಲಿ ಓಡಿದ.

ಚಿತ್ರ ತಯಾರಾದವು. ಸೆಕೆಂಡಿಗೆ 12ರಂತೆ ತಿರುಗಿಸಿದ. "ಮಾಮಾ, ಇಂವ ಓಡವಲ್ಲ, ಜಾರಲಾಕತ್ತಾನ," ಎಂದ. ಕಣ್ಣು ಚುರುಕು. ಊರಿದ ಪಾದ ನೆಲದ ಮೇಲೆ ಇದ್ದಲ್ಲೇ ಇರಬೇಕು. ಮೈ ನಾಲ್ಕು ಚುಕ್ಕಿ ಮುಂದೆ ಹೋದರೆ, ಮುಂದಿನ ಚಿತ್ರದಲ್ಲಿ ಆ ಪಾದ ಮೈಗಿಂತ ನಾಲ್ಕೇ ಚುಕ್ಕಿ ಹಿಂದೆ ಸರಿದಿರಬೇಕು. ಎರಡು ಸಂಜೆ ಚುಕ್ಕಿ ಎಣಿಸಿ ಕೂಡಿಸಿದ.

ತೊಡಕು ಬಂದದ್ದು ಅಕ್ಷರದಲ್ಲಿ. ಇಂಗ್ಲಿಷಿನ ದೊಡ್ಡಕ್ಷರ ಎಂಟು ಚುಕ್ಕಿಯೊಳಗೆ ಕೂಡುತ್ತದೆ. ಭಂಡಾರಕವಠೆಯ ಆರು ಅಕ್ಷರಗಳನ್ನು ಹದಿನಾರರಲ್ಲಿ ಹೇಗೋ ಕೂಡಿಸಿದ್ದ. ಅದರಲ್ಲಿ ಒತ್ತಿಲ್ಲ. ಮುಂದಿನದು ಅಕ್ಕಲಕೋಟ. ಕಕಾರದ ಒತ್ತು ಗೆರೆಯ ಕೆಳಗಿಳಿಯುತ್ತದೆ, ಅಲ್ಲಿ ಜಾಗವಿಲ್ಲ.

"ಒತ್ತು ಬಿಟ್ರ ನಡೀತದಿಲ್ಲ ಮಾಮಾ? ಹದಿನಾರು ಚಿತ್ರ ಬಿಟ್ಟೇವಲ್ಲ!"

ವಾದವೇನೋ ಚೆಂದವೇ. ಬಿಟ್ಟ ಕಾಲನ್ನು ಕಣ್ಣು ತುಂಬಿಕೊಳ್ಳುತ್ತದೆ, ಏಕೆಂದರೆ ಓಟವನ್ನು ಎಲ್ಲರೂ ಕಂಡಿದ್ದಾರೆ. ಬಿಟ್ಟ ಒತ್ತನ್ನು ತುಂಬಿಕೊಳ್ಳಲು ಆ ಶಬ್ದವನ್ನು ಮೊದಲೇ ಓದಿರಬೇಕು. ಈ ಆಟ ಆಡುವ ಅವನ ತಂಗಿ ಇನ್ನೂ ಓದಲು ಕಲಿತಿಲ್ಲ. ಅದನ್ನೇ ಹೇಳಿದೆ. "ನಿಮ್ಮವ್ವನ್ನ ನಾ ಏನಂತ ಕರೀತೀನಿ? ಅಕ್ಕ. ಒತ್ತು ತಗದು ಓದು." "ಅಕ," ಎಂದು ನಕ್ಕುಬಿಟ್ಟ.

ಅಕ್ಷರಕ್ಕೆ 24 ಚುಕ್ಕಿ ಕೊಟ್ಟೆವು. ಈಗ ಅದು ಹುಡುಗನಿಗಿಂತ ಎತ್ತರ, ಹಿಡಿಯಬೇಕಾದರೆ ಜಿಗಿಯಬೇಕು. ಜಿಗಿತಕ್ಕೆ ಐದನೆಯ ಚಿತ್ರವನ್ನು ಅವನೇ ಬರೆಯುತ್ತಿದ್ದಾನೆ.